ಅರಳದ ಪಾಪೆಗೆ ಒಂದು ಉಂಗುರ

ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆದಾಗ ನಮ್ಮನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಕಣ್ಣಿಗೆ ಹನಿ ಹಾಕಿದರು. ಹನಿ ಬಿದ್ದ ಮೇಲೆ ಪಾಪೆ ಅಗಲವಾಗುವವರೆಗೆ ಕಣ್ಣು ಮುಚ್ಚಿಕೊಂಡು ಕೂರಬೇಕು. ಪಾಪೆ ಎಂದರೆ ಕಣ್ಣಿನ ನಡುವಿನ ಕಪ್ಪು ಚುಕ್ಕೆ. ಅದು ಅರಳಿದರೆ ಡಾಕ್ಟರಿಗೆ ಒಳಗಿನ ಪೊರೆ ಕಾಣುತ್ತದೆ, ಅರಳದಿದ್ದರೆ ಇಲ್ಲ. ಆವತ್ತು ನನಗೆ ಗೊತ್ತಿದ್ದದ್ದು ಇಷ್ಟೇ. ಇವತ್ತೂ ಅದಕ್ಕಿಂತ ಬಹಳ ಹೆಚ್ಚೇನೂ ಗೊತ್ತಿಲ್ಲ.

ಎಡಬಲದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋದರು. ನನಗೆ ಮಾತ್ರ ಮತ್ತೆ ಹನಿ, ಮತ್ತೆ ಹನಿ. ಕೊನೆಗೆ ನರ್ಸ್ ಟಾರ್ಚ್ ಹಿಡಿದು ನೋಡಿ ಪಕ್ಕದವಳನ್ನು ಕರೆದಳು.

"ಇಲ್ನೋಡೇ, ಇವರದು ಅಲ್ಲಾಡ್ತಾನೇ ಇಲ್ಲ."

"ಹನಿ ಹೊರಗೆ ಬಿದ್ದಿರ್ಬೇಕು."

"ನಾನೇ ಹಾಕಿದ್ದು ಕಣೆ, ಒಳಗೇ ಬಿದ್ದೈತೆ."

ನಾನು ನಡುವೆ ಬಾಯಿ ಹಾಕಿದೆ. "ನಾನೇನಾದ್ರೂ ಬಿಗಿ ಹಿಡ್ಕೊಂಡಿದೀನಾ?"

"ಬಿಗಿ ಹಿಡಿಯೋಕೆ ಅದೇನು ಮುಷ್ಟಿನಾ ಅಮ್ಮ?" ಎಂದು ಇಬ್ಬರೂ ನಕ್ಕರು.

ಶಿಬಿರದ ಡಾಕ್ಟರು ಯಂತ್ರದೊಳಗಿಂದ ಬಹಳ ಹೊತ್ತು ನೋಡಿದರು. ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿಕೊಂಡುಬಿಟ್ಟಿದೆ, ಪೊರೆ ಬಲಿತಿದೆ, ಆದರೆ ಪಾಪೆ ಬಿಚ್ಚದೆ ತೆಗೆಯಲಾಗುವುದಿಲ್ಲ, ಇದು ಶಿಬಿರದಲ್ಲಿ ಮಾಡುವ ಕೆಲಸವಲ್ಲ ಎಂದರು. ಆಮೇಲೆ ಕೇಳಿದರು: "ಹಿಂದೆ ಎಷ್ಟು ಸಲ ಕಣ್ಣು ಕೆಂಪಾಗಿ ನೋವು ಬಂದಿತ್ತು?"

ಇಲ್ಲಿಯವರೆಗೆ ಎಷ್ಟು ಸಲ ಸೀನಿದ್ದೀರಿ ಎಂದು ಕೇಳಿದ ಹಾಗಾಯಿತು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಹಿತ್ತಿಲಲ್ಲಿ ರೇಷ್ಮೆಗೆ ಬಣ್ಣ ಹಾಕುವ ಹಂಡೆಯೂ ಇತ್ತು. ಸೋಪು, ಸೋಡಾ ಹಾಕಿ ಕುದಿಸಿ ರೇಷ್ಮೆಯ ಅಂಟು ಬಿಡಿಸುವಾಗ, ಆಮೇಲೆ ಬಣ್ಣದ ನೀರಿನಲ್ಲಿ ನೂಲಿನ ಲಡಿಗಳನ್ನು ತಿರುವುವಾಗ ಮುಖಕ್ಕೆ ಹಬೆ ಹೊಡೆಯುತ್ತದೆ. ಹಂಡೆಯ ಮುಂದೆ ನಿಂತವರ ಕಣ್ಣು ಕೆಂಪಾಗುವುದು, ನೀರು ಸುರಿಸುವುದು ನಮ್ಮ ಓಣಿಯಲ್ಲಿ ಕಾಯಿಲೆ ಅಲ್ಲ, ಕೆಲಸ ಮಾಡಿದ್ದರ ಗುರುತು. ನನ್ನ ಕಣ್ಣು ಕೆಂಪಾದಾಗಲೆಲ್ಲ ಅತ್ತೆ ನಂದಿಬಟ್ಟಲು ಹೂವು ಇಡುತ್ತಿದ್ದರು, ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ನಾಲ್ಕು ದಿನ ಹಂಡೆಯ ಕಡೆ ಹೋಗಬೇಡ ಎಂದು ಮನೆಯೊಳಗಿನ ಕೆಲಸ ಕೊಡುತ್ತಿದ್ದರು. ಬೆಳಕು ನೋಡಿದರೆ ಕಣ್ಣು ಚುಚ್ಚುತ್ತಿತ್ತು. ಆದರೆ ಗುಂಡಿಮಗ್ಗ ಇರುವ ಕೋಣೆ ಹಗಲಲ್ಲೂ ಮಬ್ಬು. ನಾನು ಬೆಳಕಿಗೆ ಹೆದರಿ ಅಲ್ಲಿ ಕೂರುತ್ತಿದ್ದೇನೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ನಾಲ್ಕು ದಿನದಲ್ಲಿ ಕೆಂಪು ಇಳಿಯುತ್ತಿತ್ತು, ಹಬೆ ತಾಕಿದ್ದು ಹೋಯಿತು ಎಂದುಕೊಳ್ಳುತ್ತಿದ್ದೆವು. ಒಳಗೆ ಪ್ರತಿ ಸಲವೂ ಪಾಪೆಯ ಅಂಚು ಇನ್ನಷ್ಟು ಅಂಟಿಕೊಳ್ಳುತ್ತ ಹೋಗಿತ್ತು. ಹಬೆಗೂ ಅದಕ್ಕೂ ಸಂಬಂಧವೇ ಇರಲಿಲ್ಲವಂತೆ. ಬೇರೆ ಕೆಲಸದವರ ಮನೆ ಸೇರಿದ್ದರೆ ಮೊದಲ ಸಲ ಕೆಂಪಾದಾಗಲೇ ಯಾರಾದರೂ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರೋ ಏನೋ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಇದು ಬಲಗಣ್ಣು. ಎಡಗಣ್ಣು ಸಣ್ಣವಳಿದ್ದಾಗಲೇ ಹೋಗಿದೆ. ತವರಿನಲ್ಲಿ ಮಗ್ಗದ ಪಕ್ಕ ಆಡುತ್ತಿದ್ದಾಗ ಲಾಳಿ ದಾರಿ ತಪ್ಪಿ ಹಾರಿ ಬಂದು ಬಡಿಯಿತು. ಅದರಲ್ಲಿ ಹಗಲೋ ಕತ್ತಲೋ ಎಂಬುದಷ್ಟೇ ಗೊತ್ತಾಗುತ್ತದೆ. ಐವತ್ತರ ಹತ್ತಿರದವರೆಗೆ ಅಡುಗೆ, ಮಕ್ಕಳು, ಮಗ್ಗ, ಎಲ್ಲವನ್ನೂ ಬಲಗಣ್ಣೊಂದರಲ್ಲೇ ನೋಡಿಕೊಂಡು ಬಂದಿದ್ದೆ. ಅದೂ ಹೋದರೆ ಇನ್ನೊಂದಿಲ್ಲ.

ಶಿಬಿರದಿಂದ ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು, ಕೈ ನಿಲ್ಲಿಸಲಿಲ್ಲ.

"ಈಗ ಎಷ್ಟು ಕಾಣ್ತೈತೆ?"

"ನೀವು ಕಾಣ್ತೀರಿ. ಮುಖ ಕಾಣಲ್ಲ."

"ನಾನಿದೀನಿ ಅಂತ ಗೊತ್ತಾಗ್ತೈತಲ್ಲ. ಇರೋ ಬೆಳಕು ಇರ್ಲಿ ಬಿಡು. ಇರೋದೊಂದು ಕಣ್ಣಿಗೆ ಯಾಕೆ ಕೈ ಹಾಕಿಸ್ತೀಯಾ?"

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ನಾವಾಡುವುದು ತೆಲುಗು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಾದರೂ ಆ ಮಾತು ನ್ಯಾಯವಾದದ್ದೇ. ತೊಂದರೆ ಏನೆಂದರೆ, ಇರುವ ಬೆಳಕು ಇದ್ದ ಹಾಗೆ ಇರುತ್ತಿರಲಿಲ್ಲ. ಯುಗಾದಿಗೆ ಕಂಡ ಊರಾಚೆಯ ಬ್ರಹ್ಮಗಿರಿ ಗುಡ್ಡದ ಬಂಡೆಗಳು ಗೌರಿ ಹಬ್ಬದ ಹೊತ್ತಿಗೆ ಒಂದೇ ಬೂದುಬಣ್ಣದ ರಾಶಿಯಾಗಿದ್ದವು. ಅಕ್ಕಿಯ ಕಲ್ಲು ಆರಿಸುವುದನ್ನು ಬಿಟ್ಟುಬಿಟ್ಟಿದ್ದೆ. "ಇವತ್ತು ಅನ್ನದಾಗೆ ಜಟಿಂಗ ರಾಮೇಶ್ವರದ ಗುಡ್ಡಾನೇ ಐತೆ" ಎಂದು ಅವರು ಒಂದು ದಿನ ತಟ್ಟೆಯ ಪಕ್ಕ ಕಲ್ಲು ಇಟ್ಟರು. ನನಗೆ ಆ ಕಲ್ಲೂ ಕಾಣಲಿಲ್ಲ.

ನನ್ನ ಕೈಯಿಂದ ಹೋದ ದೊಡ್ಡ ಕೆಲಸವೆಂದರೆ ಎಳೆ ಸೇರಿಸುವುದು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಎನ್ನುತ್ತೇವೆ; ಒಂದು ಹಾಸು ಮುಗಿದು ಹೊಸ ಹಾಸು ಏರಿಸುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಸಾವಿರಾರು ಎಳೆ, ಕೂದಲಿಗಿಂತ ಸಣ್ಣವು. ಓಣಿಯಲ್ಲಿ ಅದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಕಳೆದ ಒಂದು ವರ್ಷದಿಂದ ನಮ್ಮ ಸೀರೆಗಳಲ್ಲಿ ತಪ್ಪುಗಳು ಬೀಳುತ್ತಿವೆ ಎಂದು ಸೀರೆ ಕೊಳ್ಳುವವರು ಹೇಳತೊಡಗಿದ್ದರು. ಮನೆಯವರು ಮಡಿಕೆ ಬಿಚ್ಚಿ ನೋಡಿ "ನೀನು ಹೊಸೆದ ಎಳೆ ನಿಲ್ತಾ ಇಲ್ಲ" ಎಂದರು. ಕಾಣದ ಕಣ್ಣಿನವಳು ಇಲ್ಲ ಎನ್ನುವುದು ಹೇಗೆ? ಮುಂದಿನ ಹಾಸು ಏರಿಸುವಾಗ ಎಳೆ ಸೇರಿಸಲು ಪಕ್ಕದ ಮನೆಯ ರತ್ನಮ್ಮ ಬಂದು ಕೂತಳು. ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಡಬ್ಬಿಯೆಂದು ಉಪ್ಪಿನ ಡಬ್ಬಿ ತೆಗೆದಿದ್ದೆನಂತೆ. ಅವಳು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು ಹೋಗಿದ್ದಳು. ಅದು ಗೊತ್ತಾದದ್ದು ಸಂಜೆ, ನಾನು ಅದೇ ಡಬ್ಬಿಯಿಂದ ನನ್ನ ಕಾಫಿ ಮಾಡಿಕೊಂಡಾಗ. ಮರುದಿನವೇ ಚಳ್ಳಕೆರೆಯ ನಾದಿನಿಗೆ ಫೋನು ಮಾಡಿದೆ.

ನಾದಿನಿ ಲಕ್ಷ್ಮಿಯ ಮನೆ ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ. ನನ್ನನ್ನು ಅವಳು ಕರೆಯುವುದು ವದಿನಾ ಎಂದು, ಅಂದರೆ ಅತ್ತಿಗೆ. ಅವಳೇ ಅಲ್ಲಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ನೋಡಿ, ಮೊದಲು ಒಳಗಿನ ಉರಿ ಪೂರ್ತಿ ಇಳಿಯಬೇಕು, ಕಣ್ಣು ಮೂರು ತಿಂಗಳು ತಣ್ಣಗಿರಬೇಕು, ಆಮೇಲೆ ಆಪರೇಷನ್ ಮಾತು ಎಂದರು.

ಆ ಮೂರು ತಿಂಗಳು ಹನಿ ಔಷಧಿಯದೇ ಸಂಸಾರ. ಬಾಟಲಿ ಎರಡಿದ್ದವು. ಒಂದನ್ನು ಬಳಸುವ ಮೊದಲು ಕುಲುಕಬೇಕು, ಇನ್ನೊಂದನ್ನು ಕುಲುಕಬಾರದು. ಬಣ್ಣ ಗುರುತಿಸಲಾಗದೆ ಒಂದರ ಕುತ್ತಿಗೆಗೆ ರೇಷ್ಮೆ ಎಳೆ ಸುತ್ತಿಟ್ಟುಕೊಂಡಿದ್ದೆ. ಹಾಲು ಉಕ್ಕಿಸುವ ಮೊದಲು ಒಂದು ಸಲ, ಒಲೆ ಆರಿಸಿ ಒಂದು ಸಲ, ಮಧ್ಯಾಹ್ನ ಮಗ್ಗದ ಸದ್ದು ನಿಂತಾಗ ಒಂದು ಸಲ. ನೋವು ಕಡಿಮೆಯಾಯಿತು, ನೋಟ ಬರಲಿಲ್ಲ. ಹನಿಯ ಜೊತೆ ಕೊಟ್ಟಿದ್ದ ಮಾತ್ರೆಗಳಿಂದ ಮುಖ ಊದಿತು. "ಗಂಡನ ಮನೆ ಊಟ ಈಗ ಹಿಡೀತಾ?" ಎಂದು ರತ್ನಮ್ಮ ಚುಡಾಯಿಸಿದಳು.

ತಿಂಗಳುಗಳು ಕಳೆದ ಮೇಲೆ ಡಾಕ್ಟರಮ್ಮ ಮನೆಯವರನ್ನೂ ಕರೆತರಲು ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ನನಗದು ಮಬ್ಬಾಗಿ ಕಂಡಿತು. ಮನೆಯವರು ಫೋನನ್ನು ಹತ್ತಿರ ದೂರ ಹಿಡಿದು ನೋಡಿದರು.

"ಇದನ್ನ ಉಂಗುರ ಅಂತೀವಿ. ಹೆಸರಿಗೆ ಉಂಗುರ, ಆಕಾರ ಚೌಕ. ಪಾಪೆಯೊಳಗೆ ಇಟ್ಟರೆ ನಾಲ್ಕು ಮೂಲೆಯಿಂದಲೂ ಅಂಚನ್ನು ಹಿಡಿದು ಅಗಲವಾಗಿ ನಿಲ್ಲಿಸುತ್ತೆ. ಪೊರೆ ತೆಗೆದು ಲೆನ್ಸ್ ಕೂರಿಸಿದ ಮೇಲೆ ಉಂಗುರವನ್ನ ಹೊರಗೆ ತೆಗೀತೀವಿ. ಒಳಗೆ ಉಳಿಯಲ್ಲ."

ನಮ್ಮ ಮನೆಯವರಿಗೆ ಅದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಅರ್ಥವಾದದ್ದೇ ಕಷ್ಟಕ್ಕೆ ಬಂತು. ನೇಯ್ದ ಬಟ್ಟೆ ಅಗಲ ಕುಗ್ಗಬಾರದೆಂದು ಮಗ್ಗದ ಮೇಲೆ ಅಂಚಿನಿಂದ ಅಂಚಿಗೆ ಒಂದು ಕಡ್ಡಿ ಬಿಗಿಯುತ್ತೇವೆ. ಕಡ್ಡಿಯ ಎರಡೂ ತುದಿಗೆ ಸಣ್ಣ ಮುಳ್ಳು. ಅದು ಕಚ್ಚಿದ ಜಾಗದಲ್ಲಿ ಸೀರೆಯ ಅಂಚಿಗೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ, ಅವಸರದಲ್ಲಿ ಬಿಗಿದರೆ ಹರಿಯುತ್ತದೆ.

"ಅಂಚು ಹರಿಯಲ್ವಾ ಮೇಡಂ?"

"ಇದರಲ್ಲಿ ಮುಳ್ಳಿಲ್ಲ, ಮಡಿಕೆ ಇರುತ್ತೆ. ಆ ಮಡಿಕೆಯೊಳಗೆ ಅಂಚು ಕೂರುತ್ತೆ. ಆದರೆ ಇವರ ಪಾಪೆ ತುಂಬಾ ದಿನದಿಂದ ಅಂಟಿದೆ, ಬಿರುಸಾಗಿದೆ. ಬಿಡಿಸುವಾಗ ಒಂದೆರಡು ಕಡೆ ಸ್ವಲ್ಪ ಹರಿಯಬಹುದು. ರಕ್ತ ಬರಬಹುದು, ಆಮೇಲೆ ಮತ್ತೆ ಉರಿ ಏಳಬಹುದು. ಒಂದೇ ಕಣ್ಣು ಅಂತ ನನಗೂ ಗೊತ್ತು. ನೂರಕ್ಕೆ ನೂರು ಅಂತ ನಾನು ಹೇಳಲ್ಲ."

"ಹೇಳಲ್ಲ ಅಂದ್ರೆ ನಾವು ಹೆಂಗೆ ಒಪ್ಪೋದು?"

"ಹೇಳಿದರೆ ನೀವು ನಂಬಬಾರದು."

ಆ ಮಾತಿಗೆ ನನಗೆ ಅವರ ಮೇಲೆ ಭರವಸೆ ಬಂತು, ಮನೆಯವರಿಗೆ ಹೋಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಲಕ್ಷ್ಮಿ ಅಣ್ಣನ ಮೇಲೆ ಏರಿ ಹೋದಳು.

"ನಿನ್ನ ಮಗ್ಗಾನೇ ದೊಡ್ಡದು ನಿನಗೆ. ಕಣ್ಣು ಸೀರೆ ಅಲ್ಲ ಅಣ್ಣಾ."

"ಸೀರೆ ಹರಿದ್ರೆ ಇನ್ನೊಂದು ನೇಯ್ಬೋದು ಕಣೇ. ಅದಕ್ಕೇ ಹೇಳ್ತಿರೋದು."

ಇಬ್ಬರೂ ನನ್ನ ಕಡೆ ತಿರುಗಿದರು. ಇಬ್ಬರ ಮುಖವೂ ನನಗೆ ಕಾಣುತ್ತಿರಲಿಲ್ಲ, ಎರಡು ತಲೆ ತಿರುಗಿದ್ದು ಮಾತ್ರ ತಿಳಿಯಿತು. ಮಾಡಿಸಿಕೊಳ್ಳುತ್ತೇನೆ ಎಂದೆ. ಧೈರ್ಯ ಎಂದು ಅದನ್ನು ಕರೆಯಲಾರೆ. ಈ ಮಬ್ಬಿನಲ್ಲಿ ದಿನ ಕಳೆಯುವುದು ಹೇಗೆಂದು ನನಗೊಬ್ಬಳಿಗೇ ಗೊತ್ತಿತ್ತು, ಅಷ್ಟೆ.

ಆಪರೇಷನ್ ದಿನ ಒಪ್ಪಿಗೆಯ ಕಾಗದ ಮುಂದಿಟ್ಟಾಗ ಮನೆಯವರು ಪೆನ್ನು ಮುಟ್ಟಲಿಲ್ಲ. "ನನ್ನ ಕೈಯಾರೆ ಬರೆದುಕೊಡಲ್ಲ" ಎಂದರು. "ಸಹಿ ಅವರದೇ ಬೇಕಾಗಿರೋದು" ಎಂದು ಕೌಂಟರಿನ ಹುಡುಗಿ ಪೆನ್ನನ್ನು ನನ್ನ ಕೈಗಿಟ್ಟು, ಸಹಿ ಹಾಕುವ ಜಾಗಕ್ಕೆ ನನ್ನ ಬೆರಳನ್ನು ಒಯ್ದು ಮುಟ್ಟಿಸಿದಳು. ಗೆರೆ ದಾಟಿ ಓರೆಯಾಗಿ ಹೋದ ಸಹಿ ಅದು. ಮನೆಯವರು ರಸ್ತೆಯಾಚೆಯ ಟೀ ಅಂಗಡಿಗೆ ಹೋಗಿ ಕೂತರು. ಲಕ್ಷ್ಮಿ ನನ್ನ ಬಳೆ, ಓಲೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು.

ಒಳಗಿನ ಕೋಣೆಯಲ್ಲಿ ಮತ್ತೆ ಬೆಂಚು, ಮತ್ತೆ ಹನಿ. ಪಕ್ಕದಲ್ಲಿ ಕುರಿ ಮೇಯಿಸುವವರ ಹಟ್ಟಿಯೊಂದರಿಂದ ಬಂದಿದ್ದ ಈರಜ್ಜಿ. ಎರಡನೇ ಸುತ್ತಿನ ಹನಿಗೇ ಅಜ್ಜಿಯ ಪಾಪೆ ಅರಳಿತ್ತು.

"ನಿಂದ್ಯಾಕವ್ವಾ ಇನ್ನೂ ಆಗಿಲ್ಲ?" ಅಜ್ಜಿ ಕೇಳಿತು.

"ನನ್ನದು ಅಂಟ್ಕೊಂಡೈತಂತೆ ಅಜ್ಜಿ. ಉಂಗುರ ಹಾಕಿ ಬಿಡಿಸ್ತಾರಂತೆ. ಆಮೇಲೆ ದುಂಡಗೆ ಇರಲ್ಲ ಅಂತಾರೆ."

"ಆಡಿನ ಪಾಪೆ ನೋಡೀಯಾ? ಅಡ್ಡಕ್ಕೆ ಗೀಟು ಎಳ್ದಂಗೆ ಇರ್ತೈತೆ. ಅದಕ್ಕೇನು ಕಾಣಲ್ವಾ? ಬೇಲಿ ಆಚೆ ಸೊಪ್ಪು ಎಲ್ಲೈತೆ ಅಂತ ನನಗಿಂತ ಮೊದ್ಲು ಅದಕ್ಕೇ ಗೊತ್ತಾಗೋದು."

"ಹಂಗಾದ್ರೆ ನಾಳೆಯಿಂದ ನಾನೂ ಬೇಲಿ ಹಾರ್ತೀನಿ ಬಿಡಿ."

"ಹಾರು, ಹಾರು. ಗಂಡನ ಕೈಗೆ ಸಿಗ್ಬ್ಯಾಡ" ಎಂದು ಅಜ್ಜಿ ಕಣ್ಣು ಮುಚ್ಚಿಕೊಂಡೇ ನಕ್ಕಿತು. ನರ್ಸ್ ಬಂದು ನಗಬೇಡಿ, ಹನಿ ಹೊರಗೆ ಬರುತ್ತೆ ಎಂದು ಗದರಿಸಿದಳು. ಅಜ್ಜಿಯನ್ನು ಕರೆದೊಯ್ದರು. ಆ ನಗು ನನಗೆ ಮುಂದಿನ ಅರ್ಧ ಗಂಟೆಗೆ ಸಾಕಾಯಿತು.

ಮೇಜಿನ ಮೇಲೆ ಮಲಗಿಸಿ ಕಣ್ಣಿನ ಕೆಳಗೆ ಒಂದು ಸೂಜಿ ಕೊಟ್ಟರು. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೋವೆಂದರೆ ಅದೊಂದೇ. ಆಮೇಲೆ ಆ ಕಡೆಯ ಮುಖವೇ ನನ್ನದಲ್ಲದ ಹಾಗೆ ಮರಗಟ್ಟಿತು. ಮುಖದ ಮೇಲೆ ಬಟ್ಟೆ ಹೊದಿಸಿದರು, ಕಣ್ಣಿನ ಜಾಗದಲ್ಲಿ ಮಾತ್ರ ತೂತು. ರೆಪ್ಪೆ ಮುಚ್ಚದಂತೆ ಕ್ಲಿಪ್ ಹಾಕಿದರು. ಮೇಲಿನ ದೀಪ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು, ಸುತ್ತ ನೀಲಿ, ನಡುವೆ ಬಿಳಿ. ಕಿವಿ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಅಂಟಿರೋದನ್ನ ಮೊದಲು ಬಿಡಿಸ್ತಾ ಇದೀನಿ ಅಮ್ಮ. ಎಳೆದ ಹಾಗೆ ಅನಿಸಿದರೆ ಹೇಳಿ, ತಲೆ ಮಾತ್ರ ಅಲ್ಲಾಡಿಸಬೇಡಿ."

ಎಳೆದ ಹಾಗೆ ಅನ್ನಿಸಲಿಲ್ಲ. ಯಾರೋ ದೂರದಲ್ಲಿ ಏನೋ ಮಾಡುತ್ತಿರುವ ಹಾಗಿತ್ತು. ತುಸು ಹೊತ್ತಿನ ಮೇಲೆ "ಸಿಸ್ಟರ್, ಉಂಗುರ" ಎಂದರು. ಯಾವುದೋ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಮೂರು ಮೂಲೆ ಕೂತಿದೆ. ಇದೊಂದು ಬರ್ತಾ ಇಲ್ಲ."

"ತೆಗೆದು ಇನ್ನೊಂದ್ಸಲ ಹಾಕ್ತೀರಾ ಮೇಡಂ?"

"ಬೇಡ, ತಡಿ. ಎಳೆದರೆ ಈ ಕಡೆ ಹರಿಯುತ್ತೆ."

ಅದೇ ಹೊತ್ತಿಗೆ ನನಗೆ ಕಾಣುತ್ತಿದ್ದ ಬಿಳಿ ದೀಪ ಕಂದು ಬಣ್ಣಕ್ಕೆ ತಿರುಗಿ ಮಂಕಾಯಿತು. ರಕ್ತ ಇರಬೇಕು ಎಂದುಕೊಂಡೆ. ಇಂಥ ಹೊತ್ತಿನಲ್ಲಿ ದೇವರ ಹೆಸರು ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ನಮ್ಮ ಅಡುಗೆಮನೆ. ಇಲ್ಲಿಂದ ಹೊರಗೆ ಹೋದಾಗ ಏನೂ ಕಾಣದಿದ್ದರೆ ಯಾವ ಡಬ್ಬಿ ಎಲ್ಲಿಡಬೇಕು, ಬಾಗಿಲಿಂದ ಒಲೆಗೆ ಹೋಗುವಾಗ ಗೋಡೆ ಯಾವ ಕೈಗೆ ಸಿಗುತ್ತದೆ, ಹಿತ್ತಿಲ ಮೆಟ್ಟಿಲಿಗೆ ಹಗ್ಗ ಕಟ್ಟಿಸಬೇಕು, ಹೀಗೆ ಒಂದೊಂದಾಗಿ ಜೋಡಿಸುತ್ತ ಹೋದೆ. ಹೆದರಿಕೆ ಇರಲಿಲ್ಲವೆಂದಲ್ಲ. ಹೆದರಿಕೆಗೆ ಒಂದು ಕೆಲಸ ಕೊಟ್ಟಿದ್ದೆ.

ಹಿತ್ತಿಲು ದಾಟಿ ಬಚ್ಚಲುಮನೆಯವರೆಗೆ ಬಂದಿದ್ದೆ, ಅಷ್ಟರಲ್ಲಿ ಡಾಕ್ಟರಮ್ಮ ಉಸಿರು ಬಿಟ್ಟ ಸದ್ದು ಕೇಳಿತು.

"ಕೂತ್ಕೊಂತು. ಈಗ ಚೆನ್ನಾಗಿ ಕಾಣ್ತಿದೆ. ಅಮ್ಮ, ಪಾಪೆ ತೆರೀತು. ಇನ್ನು ಪೊರೆ ತೆಗೆಯೋದು, ಅದು ದಿನಾ ಮಾಡೋ ಕೆಲಸ."

ಕಂದು ತೊಳೆದುಹೋಗಿ ದೀಪ ಮತ್ತೆ ಬೆಳ್ಳಗಾಯಿತು.

ಕಣ್ಣಿಗೆ ಪಟ್ಟಿ ಕಟ್ಟಿ ಲಕ್ಷ್ಮಿಯ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವವರೆಗೆ ನಾನು ಪೂರ್ತಿ ಕುರುಡಿ. ಎಡಗಣ್ಣಿಗೆ ಕಿಟಕಿ ಇರುವ ಕಡೆ ಮಾತ್ರ ತಿಳಿಯುತ್ತಿತ್ತು. ಮಿಲ್ಲಿನ ಶೇಂಗಾ ಎಣ್ಣೆಯ ವಾಸನೆ ಗಾಳಿ ತಿರುಗಿದಾಗ ಬರುತ್ತಿತ್ತು, ಹೋಗುತ್ತಿತ್ತು. ಲಕ್ಷ್ಮಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈಗೆ ಕೊಟ್ಟಳು. ಮೊದಲ ತುತ್ತು ಮೂಗಿಗೆ ಹೋಯಿತು.

"ಬಾಯಿ ಇನ್ನೂ ಕೆಳಗೈತೆ ವದಿನಾ."

"ನಲವತ್ತೊಂಬತ್ತು ವರ್ಷದಿಂದ ಅಲ್ಲೇ ಇತ್ತು. ಇವತ್ತೆಲ್ಲಿಗೆ ಹೋಯ್ತೋ."

ಅವಳು ನಗಲಿಲ್ಲ. ಬೆಚ್ಚಗೆ ಏನೋ ತಾಗಿದಂತಾಯಿತು, ಅವಳ ಕಣ್ಣೀರು ನನ್ನ ಕೈ ಮೇಲೆ ಬಿದ್ದಿತ್ತು. ಮನೆಯವರು ಹೊಸ್ತಿಲಲ್ಲಿ ಕೂತಿದ್ದರೆಂದು ಬೀಡಿಯ ವಾಸನೆಯಿಂದ ತಿಳಿಯಿತು. ಒಳಗೆ ಏನೇನಾಯಿತೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಬರೀ ಬೆಳಕು, ತಡೆಯಲಾರದಷ್ಟು. ಸಿನಿಮಾದಲ್ಲಿ ತೋರಿಸುವ ಹಾಗೆ ಯಾರ ಮುಖವೂ ಕಾಣಲಿಲ್ಲ. ಡಾಕ್ಟರಮ್ಮ ಕೈ ಎತ್ತಿ ಬೆರಳು ತೋರಿಸಿದರು, ಬೆರಳು ಕಂಡವು. ಗೋಡೆಯ ಅಕ್ಷರಗಳಲ್ಲಿ ಮೇಲಿನ ದೊಡ್ಡದು ಮಾತ್ರ. ಊತ ಇಳಿದಂತೆ ದಿನದಿನಕ್ಕೆ ಒಂದೊಂದು ಕೆಳಗಿನ ಸಾಲು ಕಾಣತೊಡಗಿತು. ನಡುವೆ ಒಮ್ಮೆ ಉರಿ ಎದ್ದು ಮತ್ತೆ ಬಸ್ಸು ಹತ್ತಬೇಕಾಯಿತು, ಹನಿಗಳ ಲೆಕ್ಕ ಮೊದಲಿಂದ ಶುರುವಾಯಿತು. ಅದೂ ಇಳಿಯಿತು. ಈಗ ಕನ್ನಡಿಯಲ್ಲಿ ನೋಡಿಕೊಂಡರೆ ಪಾಪೆ ಒಂದು ಕಡೆ ಸೊಟ್ಟಗಿದೆ, ಇದ್ದುದಕ್ಕಿಂತ ದೊಡ್ಡದಾಗಿದೆ. ಬಿಸಿಲಿಗೆ ತಾನಾಗಿ ಕುಗ್ಗುವುದಿಲ್ಲ. ಹಗಲಲ್ಲಿ ಕಪ್ಪು ಕನ್ನಡಕ ಹಾಕಿಯೇ ಹೊರಗೆ ಹೋಗುತ್ತೇನೆ, ಎದುರಿಂದ ಬರುವ ಗಾಡಿಯ ದೀಪಕ್ಕೆ ಮುಖ ತಿರುಗಿಸುತ್ತೇನೆ. ಇದು ಹೀಗೇ ಇರುತ್ತದೆ ಎಂದಿದ್ದಾರೆ. ಇರಲಿ. ನೋಟ ಇದೆ.

ಬಗ್ಗಿ ಕೆಲಸ ಮಾಡಬಹುದು ಎಂದು ಹೇಳಿದ ಮೇಲೆ ಒಂದು ಮಧ್ಯಾಹ್ನ, ಮಗ್ಗದಿಂದ ಆಗತಾನೇ ಕತ್ತರಿಸಿದ ಸೀರೆಯನ್ನು ಚಾಪೆಯ ಮೇಲೆ ಹರಡಿಕೊಂಡು ಕೂತೆ. ಹೊರಗೆ ಚಾಚಿದ ಎಳೆಗಳನ್ನು ಕತ್ತರಿಸಿ, ಇದ್ದ ತಪ್ಪು ಗುರುತಿಸುವುದು ಮೊದಲಿಂದ ನನ್ನ ಕೆಲಸ. ಕಾಣದಿದ್ದ ದಿನಗಳಲ್ಲೂ ನಾನೇ ಮಾಡುತ್ತಿದ್ದೆ, ಕೈಗೆ ಸಿಕ್ಕಿದ್ದನ್ನಷ್ಟೇ ಕತ್ತರಿಸುತ್ತಿದ್ದೆ. ಆವತ್ತು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಪ್ಪುಗಳಿದ್ದವು, ಸುಮಾರಾಗಿಯೇ ಇದ್ದವು. ಆದರೆ ಎಲ್ಲವೂ ಅಡ್ಡಕ್ಕಿದ್ದವು.

ನಾನು ಹೊಸೆದ ಎಳೆ ಬಿಟ್ಟುಹೋಗಿದ್ದರೆ ತಪ್ಪು ಸೀರೆಯ ಉದ್ದಕ್ಕೂ ಗೆರೆಯ ಹಾಗೆ ಹೋಗಬೇಕು, ಹಾಸಿನ ಎಳೆ ಉದ್ದಕ್ಕೆ ಇರುವುದರಿಂದ. ಅಡ್ಡಕ್ಕೆ ಬೀಳುವುದು ಹೊಕ್ಕಿನ ತಪ್ಪು, ಲಾಳಿ ಹೊಡೆಯುವವರದು. ನವಿಲಿನ ಬುಟ್ಟಾಗಳಲ್ಲಿ ಎಳೆ ಹಾರಿತ್ತು. ಒಂದು ನವಿಲಿಗೆ ಕೊಕ್ಕೇ ಇರಲಿಲ್ಲ. ಈ ಹಾಸನ್ನು ಸೇರಿಸಿದವಳು ನಾನೂ ಅಲ್ಲ, ರತ್ನಮ್ಮ. ಪೆಟ್ಟಿಗೆಯಲ್ಲಿ ಹಳೆಯ ಸೀರೆಯೊಂದು ಮಾರಾಟವಾಗದೆ ಉಳಿದಿತ್ತು, ನಾನೇ ಹೊಸೆದಿದ್ದ ಹಾಸು. ತೆಗೆದು ಬಿಚ್ಚಿದೆ. ಅದರಲ್ಲೂ ಅಡ್ಡಕ್ಕೇ.

ಅವರು ಮಗ್ಗದಲ್ಲಿದ್ದರು. ಸೀರೆಯನ್ನು ಅವರ ಮುಂದೆ ಹಿಡಿದೆ.

"ಈ ನವಿಲು ನೋಡ್ರಿ."

"ನೋಡ್ದೆ. ಚೆನ್ನಾಗೈತೆ."

"ಕೊಕ್ಕು?"

ಅವರು ಸೀರೆಯನ್ನು ಕೈಗೆ ತಗೊಂಡು ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. ಆಸ್ಪತ್ರೆಯಲ್ಲಿ ಫೋನಿನ ಚಿತ್ರವನ್ನು ಹಾಗೇ ನೋಡಿದ್ದರು. ಬೆರಳಿನಿಂದ ನವಿಲಿನ ತಲೆ ಸವರಿದರು.

"ಯಾವಾಗಿಂದ?" ಎಂದೆ.

"ನಿನ್ನ ಎಳೆ ಅಂತಾನೇ ತಿಳ್ಕೊಂಡಿದ್ದೆ. ನಿಜವಾಗ್ಲೂ."

"ಅದಲ್ಲ ಕೇಳಿದ್ದು. ಯಾವಾಗಿಂದ ಕಾಣ್ತಿಲ್ಲ?"

ಅವರು ಸೀರೆ ಮಡಚಿದರು, ಅಂಚಿಗೆ ಅಂಚು ಸರಿಯಾಗಿಯೇ ಮಡಚಿದರು. "ಇಬ್ರೂ ಕಾಣಲ್ಲ ಅಂತ ಕೂತ್ರೆ ಮನೆ ನಡೆಯೋದು ಹೆಂಗೆ?"

ನನಗೆ ಸಿಟ್ಟು ಬರಬೇಕಿತ್ತು. ಆ ಒಂದು ವರ್ಷ ನನ್ನ ಕೈಯಿಂದ ಕೆಲಸ ಹೋದದ್ದು, ರತ್ನಮ್ಮ ನನ್ನ ಜಾಗದಲ್ಲಿ ಕೂತದ್ದು ಎಲ್ಲ ನೆನಪಾಯಿತು. ಆದರೆ ಈಗ ಎದುರಿಗಿದ್ದ ಮುಖ ಕಾಣುತ್ತಿತ್ತು. ನೋಡದಿದ್ದ ವರ್ಷಗಳಲ್ಲಿ ಅದು ಮುದಿಯಾಗಿತ್ತು. ಅವರ ಬಲಗಣ್ಣಿನ ನಡುವೆ, ಕಪ್ಪಿರಬೇಕಾದ ಕಡೆ, ಗಂಜಿಯ ಬಣ್ಣ.

"ನಾಳೆ ಹೋಗೋಣ" ಎಂದೆ.

ಚಳ್ಳಕೆರೆಯಲ್ಲಿ ಡಾಕ್ಟರಮ್ಮ ಅವರ ಕಣ್ಣು ನೋಡಿ, ಪೊರೆ ಎರಡರಲ್ಲೂ ಇದೆ, ಬಲಗಡೆಯದು ಹೆಚ್ಚು ಎಂದರು. ಆಮೇಲೆ ಬೇರೆ ಏನಾದರೂ ಮಾತ್ರೆ ತಗೊಳ್ಳುತ್ತೀರಾ ಎಂದು ಕೇಳಿದರು. ಅವರು ಇಲ್ಲ ಎಂದರು.

"ಮೂತ್ರ ಕಟ್ಟೋದಕ್ಕೆ ರಾತ್ರಿ ಒಂದು ತಗೊಳ್ತಾರೆ" ಎಂದೆ ನಾನು.

"ಅದ್ಯಾಕೆ ಇಲ್ಲಿ?" ಎಂದು ಅವರು ತೆಲುಗಿನಲ್ಲಿ ಗೊಣಗಿದರು. "ಕಣ್ಣಿಗೂ ಅದಕ್ಕೂ ಏನು?"

"ಇದೆ" ಎಂದರು ಡಾಕ್ಟರಮ್ಮ, ತೆಲುಗು ಅವರಿಗೂ ಬರುತ್ತಿತ್ತು. "ಆ ಮಾತ್ರೆ ತಗೊಳ್ಳೋರ ಪಾಪೆ ಸಡಿಲ ಆಗಿರುತ್ತೆ. ಹನಿಗೆ ಸರಿಯಾಗಿ ಅರಳಲ್ಲ, ಅರಳಿದರೂ ಕೆಲಸದ ನಡುವೆ ಕುಗ್ಗಿಬಿಡುತ್ತೆ. ಮೊದಲೇ ಗೊತ್ತಾದದ್ದು ಒಳ್ಳೇದಾಯ್ತು. ನಿಮಗೂ ಉಂಗುರ ತರಿಸಿ ಇಟ್ಕೊಂಡಿರ್ತೀನಿ."

ಹೊರಗಿನ ಬೆಂಚಿಗೆ ಬಂದು ಕೂತೆವು, ಮುಂದಿನ ತಾರೀಕು ಕೊಡುವವರೆಗೆ ಕಾಯಬೇಕಿತ್ತು. ನಮ್ಮ ಸುತ್ತ ಜನ 'ಕೆಂಪು ಬಸ್ಸೋ ಪ್ರೈವೇಟೋ, ಯಾವುದು ಮೊದಲು ಬರುತ್ತೆ' ಎಂದು ಮಾತಾಡಿಕೊಳ್ಳುತ್ತಿದ್ದರು. ಮನೆಯವರು ನನ್ನ ಕಡೆ ಬಾಗಿ ಕೇಳಿದರು.

"ಆವತ್ತು ಒಳಗೆ ಏನೇನು ಮಾಡಿದ್ರು?"

ಆಪರೇಷನ್ ಆಗಿ ಅಷ್ಟು ತಿಂಗಳಾದ ಮೇಲೆ ಅವರು ಕೇಳಿದ್ದು ಅದೇ ಮೊದಲು. ನಾನು ಸೂಜಿಯಿಂದ ಶುರು ಮಾಡಿ ಹೇಳಿದೆ, ಇಲ್ಲಿ ಬರೆದಿರುವುದನ್ನೇ. ಸೂಜಿಯ ನೋವನ್ನೂ ಮುಚ್ಚಿಡಲಿಲ್ಲ, ನಾಲ್ಕನೇ ಮೂಲೆ ಕೂರದಿದ್ದುದನ್ನೂ, ಬೆಳಕು ಮಂಕಾದದ್ದನ್ನೂ. ನಾನು ಅಡುಗೆಮನೆಯ ಡಬ್ಬಿಗಳನ್ನು ಜೋಡಿಸುತ್ತಿದ್ದೆ ಎಂದಾಗ ಅವರು ತಲೆ ಬಗ್ಗಿಸಿ ಕೈಯ ಬೆರಳುಗಳನ್ನು ನೋಡಿಕೊಂಡರು.

"ಹೆದರಿಕೆ ಆದ್ರೆ ಕಣ್ಣು ಮುಚ್ಕೋಬೋದಾ?"

"ಆಗಲ್ಲ. ಕ್ಲಿಪ್ ಹಾಕಿರ್ತಾರೆ."

"ನೀನು ಒಳಗೆ ಬರ್ತೀಯಾ?"

"ಬಿಡಲ್ಲ ರೀ. ಹೊರಗೆ ಕೂತಿರ್ತೀನಿ."

ಅವರು ಆಪರೇಷನ್ ಕೋಣೆಯ ಕಡೆ ನೋಡಿದರು. ಅಷ್ಟು ದೂರಕ್ಕೆ ಅವರಿಗೆ ಅದು ಬಾಗಿಲೆಂದು ಕಂಡಿತೋ, ಬರೀ ಬಿಳಿ ಗೋಡೆಯೆಂದು ಕಂಡಿತೋ.

"ಬಾಗಿಲ ಹತ್ರಾನೇ ಕೂತ್ಕೋ" ಎಂದರು.